ಉಬ್ಬಿ ಇಳಿಯುವ ಹಾಸಿಗೆ

ಪ್ರವಾಸಕ್ಕೆ ಒಯ್ಯುವ ಗಾಳಿ ಹಾಸಿಗೆ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಸುಲಭ. ರಾತ್ರಿ ತುಂಬಿದ ಗಾಳಿ ಬೆಳಗಿನವರೆಗೂ ಉಳಿದಿದ್ದರೆ ಸರಿ. ಆದರೆ ಮಲಗಿದಲ್ಲೇ ಇರುವ ರೋಗಿಗೆಂದು ಸರ್ಜಿಕಲ್ ಅಂಗಡಿಯಿಂದ ತರುವ ಏರ್ ಬೆಡ್‌ಗೆ ಈ ಅಳತೆ ಸಾಲದು. ಅದು ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದರ ಜೊತೆಗೆ ಹೊತ್ತುಹೊತ್ತಿಗೆ ಬಿಟ್ಟುಕೊಡಲೂಬೇಕು. ಇದು ಗೊತ್ತಿಲ್ಲದೆ, ಕೈಗೆ ಮೆತ್ತಗಿದೆ ಎಂದೋ ಬೆಲೆ ಕಡಿಮೆ ಎಂದೋ ಕೊಂಡ ಹಾಸಿಗೆ ಮನೆಯವರಿಗೆ ಸಮಾಧಾನ ಕೊಟ್ಟೀತೇ ಹೊರತು ರೋಗಿಯ ಬೆನ್ನನ್ನು ಕಾಯಲಾರದು.

ಆರೋಗ್ಯವಾಗಿರುವವರು ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತಲೇ ಇರುತ್ತಾರೆ. ಒಂದೇ ಕಡೆ ಭಾರ ಬಿದ್ದರೆ ಎಚ್ಚರವಾಗುವ ಮೊದಲೇ ಮೈ ತಾನಾಗಿ ಹೊರಳುತ್ತದೆ. ಪಾರ್ಶ್ವವಾಯು ಬಡಿದವರಿಗೆ, ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ, ಸೊಂಟದ ಮೂಳೆ ಮುರಿದ ಹಿರಿಯರಿಗೆ ಆ ನೋವು ಗೊತ್ತಾಗುವುದಿಲ್ಲ, ಗೊತ್ತಾದರೂ ಹೊರಳಲು ಆಗುವುದಿಲ್ಲ. ಬೆನ್ನಿನ ತಳದ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಇಂಥ ಕಡೆ ಚರ್ಮವು ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡು ಅದರೊಳಗಿನ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ, ರಕ್ತ ಸಿಗದ ಚರ್ಮ ಹುಣ್ಣಾಗುತ್ತದೆ. ಶರೀರಕ್ರಿಯಾ ವಿಜ್ಞಾನಿ ಯೂಜೀನ್ ಲ್ಯಾಂಡಿಸ್ 1930ರಲ್ಲಿ ಬೆರಳಿನ ಉಗುರಿನ ಬುಡದ ಲೋಮನಾಳಗಳಲ್ಲಿ ಅಳೆದು ಕಂಡುಕೊಂಡ ಒತ್ತಡ ಸುಮಾರು 32 ಮಿಲಿಮೀಟರ್ ಪಾದರಸದಷ್ಟು. ಎಲ್ಲರ ಮೈಗೂ ಅದೇ ಗಡಿಯೆಂದು ಹಿಡಿಯಬೇಕಿಲ್ಲ. ಆದರೂ ಬಿ.ಪಿ. ಅಳೆಯುವಾಗ ಕೇಳಿಬರುವ 120ರ ಪಕ್ಕ ಅದನ್ನಿಟ್ಟು ನೋಡಿದರೆ, ಚರ್ಮದ ರಕ್ತ ನಿಲ್ಲಲು ಎಷ್ಟು ಅಲ್ಪ ಭಾರ ಸಾಕೆಂದು ತಿಳಿಯುತ್ತದೆ. ಎಷ್ಟೇ ಮೆತ್ತಗಿನ ಹಾಸಿಗೆಯಾದರೂ ಮೈಭಾರವನ್ನು ಎಲ್ಲೋ ಒಂದು ಕಡೆ ಹೊರಲೇಬೇಕು. ಹಾಗಾದರೆ ಉಳಿಯುವ ದಾರಿ ಒಂದೇ: ಹೊರುವ ಜಾಗವನ್ನು ಬದಲಿಸುತ್ತಿರುವುದು.

ಏರ್ ಬೆಡ್ ಮಾಡುವುದು ಇದನ್ನೇ. ಅಗ್ಗದ ಬಗೆಯಲ್ಲಿ ಎರಡು ಪಿವಿಸಿ ಹಾಳೆಗಳ ನಡುವೆ ಸುಮಾರು 130 ಗುಳ್ಳೆಗಳಿರುತ್ತವೆ. ಹಾಳೆಗಳನ್ನು ಅಂಟು ಹಾಕಿ ಕೂಡಿಸುವುದಿಲ್ಲ. ಹಿತ್ತಾಳೆಯ ಅಚ್ಚಿನಡಿ ಒತ್ತಿಹಿಡಿದು, ಸಾಮಾನ್ಯವಾಗಿ 27.12 ಮೆಗಾಹರ್ಟ್ಸ್‌ನ ರೇಡಿಯೊ ತರಂಗ ಹಾಯಿಸುತ್ತಾರೆ. ಪಿವಿಸಿಯ ಅಣುಗಳು ಅದಕ್ಕೆ ತಕ್ಕಂತೆ ತುಯ್ದಾಡಿ ಒಳಗಿನಿಂದಲೇ ಬಿಸಿಯಾಗುತ್ತವೆ, ಎರಡು ಹಾಳೆಗಳು ಕರಗಿ ಒಂದಾಗುತ್ತವೆ. ಶಾಖ ಕಡಿಮೆಯಾದರೆ ಬೆಸುಗೆ ಬಿಟ್ಟುಕೊಳ್ಳುತ್ತದೆ, ಹೆಚ್ಚಾದರೆ ಅಂಚು ತೆಳುವಾಗಿ ಹರಿಯುತ್ತದೆ. ಹಾಸಿಗೆ ಸೋರುವುದು ಹೆಚ್ಚಾಗಿ ಈ ಬೆಸುಗೆಯ ಗೆರೆಯಲ್ಲೇ. ಗುಳ್ಳೆಗಳು ಎರಡು ಗುಂಪುಗಳಾಗಿದ್ದು ಒಂದೊಂದಕ್ಕೂ ಬೇರೆ ಕೊಳವೆ ಇರುತ್ತದೆ. ಮಂಚಕ್ಕೆ ತೂಗುಹಾಕುವ ಪಂಪಿನೊಳಗೆ, ಮೀನಿನ ತೊಟ್ಟಿಯ ಪಂಪಿನಲ್ಲಿರುವಂತೆಯೇ, ರಬ್ಬರಿನ ಪೊರೆಯೊಂದು ಅದುರುತ್ತಾ ಗಾಳಿ ದೂಡುತ್ತದೆ. ನಿಧಾನವಾಗಿ ತಿರುಗುವ ಕವಾಟ ಆ ಗಾಳಿಯನ್ನು ಸುಮಾರು ಹತ್ತು ನಿಮಿಷದ ಸುತ್ತಿನಲ್ಲಿ ಒಮ್ಮೆ ಈ ಗುಂಪಿಗೆ, ಇನ್ನೊಮ್ಮೆ ಆ ಗುಂಪಿಗೆ ಕಳಿಸುತ್ತದೆ.

ಗುಳ್ಳೆಯ ಹಾಸಿಗೆಗೆ ಎತ್ತರ ಸಾಲದು. ತೂಕದ ಮನುಷ್ಯ ಮಲಗಿದರೆ ಗುಳ್ಳೆಗಳು ಚಪ್ಪಟೆಯಾಗಿ, ಬೆನ್ನು ಕೆಳಗಿನ ಹಲಗೆಯನ್ನೇ ಮುಟ್ಟಬಹುದು. ಅಡ್ಡಡ್ಡ ಜೋಡಿಸಿದ ಕೊಳವೆಗಳ ಹಾಸಿಗೆ ಹೆಚ್ಚು ಎತ್ತರದ್ದು. ಹಲವು ಮಾದರಿಗಳಲ್ಲಿ ಒಂದು ಕೊಳವೆ ತೂತಾದರೆ ಅದೊಂದನ್ನೇ ಬದಲಿಸಬಹುದು. ದುಬಾರಿಯಾದರೂ ನಾನು ಹೇಳುವುದು ಇದನ್ನೇ. ಯಾವುದನ್ನು ತಂದರೂ ಒಂದು ಪರೀಕ್ಷೆ ಬಿಡಬಾರದು. ರೋಗಿ ಮಲಗಿದ ಮೇಲೆ, ಸೊಂಟದ ನೇರಕ್ಕೆ ಇಳಿದಿರುವ ಕೊಳವೆಯ ಕೆಳಗೆ ಅಂಗೈ ತೂರಿಸಿ ನೋಡಬೇಕು. ಕೈಗೂ ಮೈಗೂ ನಡುವೆ ಒಂದು ಇಂಚಿನಷ್ಟಾದರೂ ಗಾಳಿ ಇಲ್ಲದಿದ್ದರೆ ಪಂಪಿನ ಗುಂಡಿಯನ್ನು ರೋಗಿಯ ತೂಕಕ್ಕೆ ತಕ್ಕಂತೆ ಏರಿಸಬೇಕು. ಮೇಲೆ ರಬ್ಬರ್ ಶೀಟು, ಮಡಚಿದ ಕಂಬಳಿ, ದಪ್ಪ ಬೆಡ್‌ಶೀಟು ಹಾಸಿದರೆ ಉಬ್ಬಿಳಿತ ಮೈಗೆ ತಲುಪುವುದೇ ಇಲ್ಲ. ತೆಳು ಹತ್ತಿ ಬಟ್ಟೆಯೊಂದು ಸಾಕು.

ಇಷ್ಟೆಲ್ಲ ಖರ್ಚು ಬೇಕೇ ಎಂಬ ಪ್ರಶ್ನೆಗೆ ಆಧಾರವಿದೆ. ಬ್ರಿಟನ್ನಿನಲ್ಲಿ 2,029 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರೆಷರ್-2 ಅಧ್ಯಯನದಲ್ಲಿ, ಹುಣ್ಣು ತಡೆಯುವುದರಲ್ಲಿ ಉಬ್ಬಿಳಿಯುವ ಹಾಸಿಗೆಗೂ ಉತ್ತಮ ದರ್ಜೆಯ ಫೋಮ್ ಹಾಸಿಗೆಗೂ ಹೇಳಿಕೊಳ್ಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಹೋಲಿಕೆಗೆ ಇಟ್ಟದ್ದು ಇದಕ್ಕೆಂದೇ ತಯಾರಾದ ಫೋಮ್, ಅದರ ಜೊತೆಗೆ ದಾದಿಯರ ಆರೈಕೆಯೂ ಇತ್ತು. ನಮ್ಮ ಮನೆಗಳಲ್ಲಿ ಹೋಲಿಕೆ ನಡೆಯುವುದು ಗಂಟುಗಟ್ಟಿದ ಹತ್ತಿ ಹಾಸಿಗೆಯೊಂದಿಗೆ, ಹಗಲು ರಾತ್ರಿ ಒಬ್ಬರೇ ನೋಡಿಕೊಳ್ಳುವ ಸ್ಥಿತಿಯಲ್ಲಿ. ಹಾಗಾಗಿ ಆ ಅಧ್ಯಯನದಿಂದ ನಾವು ಕಲಿಯಬೇಕಾದದ್ದು ಬೇರೆಯೇ: ಹಾಸಿಗೆಯೊಂದೇ ಹುಣ್ಣನ್ನು ತಡೆಯಲಾರದು, ಏರ್ ಬೆಡ್ ತಂದ ಮೇಲೂ ರೋಗಿಯನ್ನು ಮಗ್ಗುಲಾಗಿಸುವ ಕೆಲಸ ನಿಲ್ಲಿಸಕೂಡದು. ಕರೆಂಟು ಹೋದರೆ ಏನು ಗತಿ ಎನ್ನುವುದು ಇನ್ನೊಂದು ಅಳುಕು. ಪಂಪಿಗೆ ಬೇಕಾಗುವುದು ಕೆಲವೇ ವ್ಯಾಟ್, ಮನೆಯ ಇನ್ವರ್ಟರ್ ಧಾರಾಳವಾಗಿ ಸಾಕು. ಅದೂ ಇಲ್ಲದಿದ್ದರೆ ಆ ಹೊತ್ತಿನಲ್ಲಿ ಕೈಯಾರೆ ಹೊರಳಿಸುವುದನ್ನು ಹೆಚ್ಚಿಸಬೇಕು.

ಹಾಸಿಗೆ ಕೆಲಸ ಮಾಡುತ್ತಿದೆಯೇ ಎಂದು ಕೊನೆಗೆ ಹೇಳುವುದು ಚರ್ಮವೇ. ದಿನಕ್ಕೊಮ್ಮೆಯಾದರೂ ಬೆನ್ನಿನ ತಳ ಮತ್ತು ಹಿಮ್ಮಡಿಗಳನ್ನು ಬೆಳಕಿನಲ್ಲಿ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಿಳಿಚದೆ ಹಾಗೇ ಉಳಿದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ಕಪ್ಪು, ಕಂದು ಚರ್ಮದಲ್ಲಿ ಆ ಕೆಂಪು ಕಣ್ಣಿಗೆ ಬೀಳದೆಯೂ ಹೋಗಬಹುದು. ಅಲ್ಲಿ ಬೆರಳ ತುದಿಯನ್ನೇ ನಂಬಬೇಕು: ಸುತ್ತಲಿನ ಚರ್ಮಕ್ಕಿಂತ ಬೆಚ್ಚಗಿದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ರೋಗಿ ಮುಖ ಹಿಂಡುತ್ತಾರೆಯೇ ಎಂದು.