ಅಗಸೆ ಎಣ್ಣೆಯ ಬಟ್ಟೆಗೆ ಬೆಂಕಿ ಹಚ್ಚಿದವರಾರು?

ಸಾಗರದ ಕಡೆಯ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅಜ್ಜನ ಕಾಲದ ತೇಗದ ಉಯ್ಯಾಲೆ ಮಣೆಯನ್ನು ಉಪ್ಪು ಕಾಗದ ಹಾಕಿ ಉಜ್ಜಿ, ಅಂಗಡಿಯಿಂದ ತಂದ ‘ಡಬಲ್ ಬಾಯ್ಲ್ಡ್’ ಅಗಸೆ ಎಣ್ಣೆಯನ್ನು ಎರಡು ಕೈ ಬಳಿದರಂತೆ. ಒರೆಸಿದ ಹಳೇ ಪಂಚೆಯ ತುಂಡುಗಳನ್ನೆಲ್ಲ ಮುದ್ದೆ ಮಾಡಿ, ರಟ್ಟಿನ ಪೆಟ್ಟಿಗೆಗೆ ತುರುಕಿ, ಕೊಟ್ಟಿಗೆಯ ಮೂಲೆಯಲ್ಲಿಟ್ಟು ಊಟಕ್ಕೆ ಹೋದರು. ಸಂಜೆಯ ಹೊತ್ತಿಗೆ ಮೂಗಿಗೆ ಘಾಟು. ಹೋಗಿ ನೋಡಿದರೆ ಮೇಲಿನ ಬಟ್ಟೆಗಳು ಇದ್ದ ಹಾಗೇ ಇವೆ, ನಡುವಿನವು ಕರಕಲು. “ನಮ್ಮ ಮನೆಯಲ್ಲಿ ಬೀಡಿ ಸೇದುವವರು ಯಾರೂ ಇಲ್ಲ. ಹಾಗಾದರೆ ಬೆಂಕಿ ಹಚ್ಚಿದ್ದು ಯಾರು?”

ಎಣ್ಣೆಯೇ ಹಚ್ಚಿದ್ದು. ಕಡ್ಡಿ ಗೀರಬೇಕಿಲ್ಲ, ಕಿಡಿ ಬೇಕಿಲ್ಲ, ಬಿಸಿಲೂ ಬೇಕಿಲ್ಲ.

ಮರಕ್ಕೆ ಬಳಿದದ್ದು ಗಟ್ಟಿಯಾದರೆ ನಾವೆಲ್ಲ ‘ಒಣಗಿತು’ ಎಂದುಬಿಡುತ್ತೇವೆ. ಫ್ರೆಂಚ್ ಪಾಲಿಶ್‌ನ ಮಟ್ಟಿಗೆ ಅದು ಸರಿ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುತ್ತೇವೆ, ಸ್ಪಿರಿಟ್ ಹಾರಿಹೋಗುತ್ತದೆ, ಅರಗು ಉಳಿಯುತ್ತದೆ. ಹತ್ತು ವರ್ಷದ ಮೇಲೆ ಸ್ಪಿರಿಟ್ ಹಚ್ಚಿದರೂ ಅದು ಮತ್ತೆ ಕರಗೀತು. ಅಗಸೆ ಎಣ್ಣೆಯಲ್ಲಿ ನಡೆಯುವುದು ಬೇರೆಯೇ. ಗಾಜಿನ ಮೇಲೆ ತೆಳುವಾಗಿ ಬಳಿದು ನುಣ್ಣನೆಯ ತಕ್ಕಡಿಯಲ್ಲಿ ತೂಗಿ ನೋಡಿ: ದಿನಗಳೆದಂತೆ ಅದರ ತೂಕ ಹೆಚ್ಚುತ್ತದೆ, ಶೇಕಡಾ 10ರ ಆಸುಪಾಸು. ಹೆಚ್ಚಿದ್ದು ಗಾಳಿಯಿಂದ ಹೀರಿದ ಆಮ್ಲಜನಕ. ಎಣ್ಣೆ ಆಮ್ಲಜನಕದೊಡನೆ ಕೂಡಿ ಹೊಸ ಪದಾರ್ಥವಾಗುತ್ತದೆ, ಕೂಡುವಾಗ ಶಾಖ ಬಿಡುತ್ತದೆ. ಉಯ್ಯಾಲೆ ಮಣೆಯ ಮೇಲೂ ಈ ಶಾಖ ಹುಟ್ಟಿತ್ತು. ಅಲ್ಲಿ ಅದನ್ನು ಗಾಳಿ ಆಗಿಂದಾಗ್ಗೆ ಎತ್ತಿಕೊಂಡು ಹೋದದ್ದರಿಂದ ಯಾರಿಗೂ ತಿಳಿಯಲಿಲ್ಲ.

ಇದನ್ನು ಮೊದಲು ಅಳೆದು ನೋಡಿದವರಲ್ಲಿ ಒಬ್ಬ ಜಿನೀವಾದ ನಿಕೊಲಾ ತಿಯೊಡೋರ್ ದ ಸೋಸ್ಯೂರ್. ಗಿಡಗಳು ತಮ್ಮ ಇಂಗಾಲವನ್ನು ಗಾಳಿಯಿಂದ ಪಡೆಯುತ್ತವೆ ಎಂಬುದನ್ನು 1804ರ ತನ್ನ ಪುಸ್ತಕದಲ್ಲಿ ತೂಕ ಹಾಕಿ ತೋರಿಸಿದವನು ಈತನೇ. 1820ರ ಸುಮಾರಿಗೆ ಈತ ನೀರಿನ ಮೇಲೆ ಅಕ್ರೋಟಿನ ಎಣ್ಣೆಯ ತೆಳು ಪದರ ಹರಡಿ, ಪಾದರಸದ ಮಾಪಕ ಜೋಡಿಸಿ ಕಾಯುತ್ತ ಕೂತ. ಎಂಟು ತಿಂಗಳು ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಎಣ್ಣೆ ತನ್ನ ಗಾತ್ರದ ಮೂರು ಪಟ್ಟು ಅನಿಲ ಹೀರಿತ್ತು, ಅಷ್ಟೆ. ಆಮೇಲೆ ಇದ್ದಕ್ಕಿದ್ದಂತೆ ಹತ್ತೇ ದಿನದಲ್ಲಿ ಅರವತ್ತು ಪಟ್ಟು ಹೀರಿಬಿಟ್ಟಿತು! ಎಂಟು ತಿಂಗಳು ಏನೂ ಆಗದ ಪ್ರಯೋಗವನ್ನು ಎತ್ತಿಡದೆ ಉಳಿಸಿಕೊಂಡ ಆ ಮನುಷ್ಯನ ತಾಳ್ಮೆಗೆ ನನ್ನದೊಂದು ನಮಸ್ಕಾರ. ಈ ವಿಷಯ ಸ್ವೀಡನ್ನಿನ ಬರ್ಸೀಲಿಯಸ್‌ನ ಗಮನಕ್ಕೆ ಬಂತು. ಆ ಕಾಲದ ಉಣ್ಣೆ ಗಿರಣಿಗಳಲ್ಲಿ ಉಣ್ಣೆಗೆ ಅಗಸೆ ಎಣ್ಣೆ ಸವರುತ್ತಿದ್ದರು, ಅಲ್ಲಿ ಕಾರಣ ತಿಳಿಯದ ಬೆಂಕಿ ಅನಾಹುತಗಳು ಮೇಲಿಂದ ಮೇಲೆ ಆಗುತ್ತಿದ್ದವು. ಸೋಸ್ಯೂರ್ ಕಂಡದ್ದೇ ಅವಕ್ಕೆ ಕಾರಣವಿರಬಹುದೆಂದು ಬರ್ಸೀಲಿಯಸ್ ಊಹಿಸಿದ. ಸಾಗರದ ಓದುಗರ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿತ್ತು ಎನ್ನಿ.

ಒಳಗಿನ ರಸಾಯನ ಬಿಡಿಸಿಕೊಳ್ಳಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಬಿಡಿಸಿದವರು ಬಣ್ಣದವರಲ್ಲ, ರಬ್ಬರ್‌ನವರು. ರಬ್ಬರ್ ಯಾಕೆ ಹಳತಾಗಿ ಹಾಳಾಗುತ್ತದೆ ಎಂದು ಹುಡುಕುತ್ತಿದ್ದ ಇಂಗ್ಲೆಂಡಿನ ಫಾರ್ಮರ್, ಬೊಲ್ಯಾಂಡ್, ಗೀ ಮೊದಲಾದವರು 1940ರ ದಶಕದಲ್ಲಿ ಇದರ ಹಂತಗಳನ್ನು ಗುರುತಿಸಿದರು. ಅಗಸೆ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಅರ್ಧಕ್ಕೂ ಹೆಚ್ಚು ಲಿನೊಲೆನಿಕ್ ಆಮ್ಲ, ಅದರ ಒಂದೊಂದು ಅಣುವಿನಲ್ಲೂ ಮೂರು ದ್ವಿಬಂಧಗಳು. ಎರಡು ದ್ವಿಬಂಧಗಳ ನಡುವೆ ಸಿಕ್ಕ ಜಲಜನಕದ ಹಿಡಿತ ಸಡಿಲ. ಅದು ಕಳಚಿದ ಜಾಗಕ್ಕೆ ಆಮ್ಲಜನಕ ಬಂದು ಕೂರುತ್ತದೆ, ಪಕ್ಕದ ಅಣುವಿನ ಜಲಜನಕವನ್ನು ಕೀಳುತ್ತದೆ, ಹೀಗೆ ಸರಪಳಿ ಕ್ರಿಯೆ ಸಾಗುತ್ತದೆ. ನಡುವೆ ಹುಟ್ಟುವ ಪರಾಕ್ಸೈಡ್‌ಗಳು ಒಡೆದು ಅಣುವಿಗೆ ಅಣು ಬೆಸೆಯುತ್ತವೆ, ಎಣ್ಣೆ ಪೊರೆಯಾಗುತ್ತದೆ. ಸೋಸ್ಯೂರ್ ಎಂಟು ತಿಂಗಳು ಕಾಯಬೇಕಾದದ್ದೇಕೆ ಎಂಬುದಕ್ಕೂ ಇಲ್ಲೇ ವಿವರಣೆಯಿದೆ: ಎಣ್ಣೆಯಲ್ಲಿ ಸಹಜವಾಗಿಯೇ ಇರುವ ವಿಟಮಿನ್ ಇ ಬಗೆಯ ವಸ್ತುಗಳು ತಾವು ಮುಗಿಯುವ ತನಕ ಸರಪಳಿಯನ್ನು ಕಡಿಯುತ್ತಲೇ ಇರುತ್ತವೆ.

ಯಾವ ಎಣ್ಣೆ ಗಟ್ಟಿಯಾಗುತ್ತದೆ ಎಂಬುದು ದ್ವಿಬಂಧಗಳ ಲೆಕ್ಕ. ಅದನ್ನು ಅಳೆಯಲು ಆಸ್ಟ್ರಿಯಾದ ಹ್ಯೂಬ್ಲ್ 1884ರಲ್ಲಿ ಅಯೋಡಿನ್ ಬಳಸುವ ವಿಧಾನ ಕೊಟ್ಟ. ಅಗಸೆ ಎಣ್ಣೆಯ ಅಯೋಡಿನ್ ಸಂಖ್ಯೆ 170ಕ್ಕೂ ಮೇಲೆ. ಕಡಲೆಕಾಯಿ ಎಣ್ಣೆಯದು 90ರ ಸುಮಾರು, ತೆಂಗಿನೆಣ್ಣೆಯದು 10ರ ಆಸುಪಾಸು. ಬಾಗಿಲಿಗೆ ತೆಂಗಿನೆಣ್ಣೆ ಹಚ್ಚುವವರು ತಿಳಿದಿರಲಿ, ಅದು ಎಷ್ಟು ವರ್ಷ ಕಳೆದರೂ ಎಣ್ಣೆಯಾಗಿಯೇ ಇರುತ್ತದೆ, ದೂಳು ಹಿಡಿಯುತ್ತದೆ. ಕಡಲೆಕಾಯಿ ಎಣ್ಣೆ ಇನ್ನೂ ಕೆಡುಕು: ಅಂಟಂಟಾಗಿ ಅತ್ತ ಎಣ್ಣೆಯೂ ಅಲ್ಲ, ಇತ್ತ ಪೊರೆಯೂ ಅಲ್ಲ. ಗಟ್ಟಿಯಾಗುವ ಎಣ್ಣೆಗಳನ್ನು ಗುರುತಿಸಿದ ಕೀರ್ತಿಯನ್ನು ಯುರೋಪಿನ ಚಿತ್ರಕಾರರಿಗೆ ಕಟ್ಟುವ ರೂಢಿಯಿತ್ತು. ಆದರೆ 2008ರಲ್ಲಿ ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳ ಬೌದ್ಧ ಚಿತ್ರಗಳ ಚೂರುಗಳನ್ನು ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೊಟ್ರಾನ್‌ನಲ್ಲಿ ಪರೀಕ್ಷಿಸಿದಾಗ ಏಳನೇ ಶತಮಾನದ ಹೊತ್ತಿನ ಬಣ್ಣದಲ್ಲೇ ಇಂಥ ಎಣ್ಣೆ ಸಿಕ್ಕಿತು. ಅಕ್ರೋಟಿನದೋ ಗಸಗಸೆಯದೋ ಇರಬೇಕು.

ಇರಲಿ, ಬೆಂಕಿಗೆ ಬರೋಣ. ಮಣೆಯ ಮೇಲೆ ಬೆಚ್ಚಗೂ ಆಗದ ಎಣ್ಣೆ ಪೆಟ್ಟಿಗೆಯಲ್ಲಿ ಹೊತ್ತಿಕೊಂಡದ್ದೇಕೆ? ನಮ್ಮ ಹಳ್ಳಿಗಳ ತಿಪ್ಪೆಯನ್ನು ನೆನೆಯಿರಿ. ಅದೇ ಸಗಣಿ, ಅದೇ ಸೊಪ್ಪನ್ನು ಗದ್ದೆಯಲ್ಲಿ ಹರಡಿದರೆ ತಣ್ಣಗೆ ಕೊಳೆಯುತ್ತದೆ. ರಾಶಿ ಹಾಕಿದಿರೋ, ಮಾಗಿಯ ಮುಂಜಾನೆ ಹಾರೆಯಿಂದ ಎಬ್ಬಿದರೆ ಹಬೆ ಏಳುತ್ತದೆ, ಒಳಗೆ ಕೈ ಇಡಲಾಗದಷ್ಟು ಬಿಸಿ. ಶಾಖ ಹುಟ್ಟುವುದು ರಾಶಿಯ ಮೈತುಂಬ, ಹೊರಹೋಗುವುದು ಮೇಲ್ಮೈಯಿಂದ ಮಾತ್ರ. ರಾಶಿಯನ್ನು ಎಲ್ಲ ಕಡೆಗೂ ಎರಡರಷ್ಟು ಮಾಡಿದರೆ ಶಾಖ ಹುಟ್ಟಿಸುವ ಒಡಲು ಎಂಟರಷ್ಟು, ಬಿಡುವ ಮೈ ನಾಲ್ಕರಷ್ಟೇ. ಎಣ್ಣೆ ಬಟ್ಟೆಯ ಮುದ್ದೆಯಲ್ಲೂ ಇದೇ ಲೆಕ್ಕ. ಆದರೆ ತಿಪ್ಪೆಗೊಂದು ಲಗಾಮಿದೆ. ಅಲ್ಲಿ ಬಿಸಿ ಮಾಡುತ್ತಿರುವವು ಸೂಕ್ಷ್ಮಜೀವಿಗಳು, 70 ಡಿಗ್ರಿಯ ಹೊತ್ತಿಗೆ ಹೆಚ್ಚಿನವು ತಾವೇ ಸಾಯುತ್ತವೆ, ಬಿಸಿ ಅಲ್ಲಿಗೆ ನಿಲ್ಲುತ್ತದೆ. ಎಣ್ಣೆಯನ್ನು ತಡೆಯುವವರಿಲ್ಲ. ಬಿಸಿ ಏರಿದಷ್ಟೂ ಕ್ರಿಯೆ ಚುರುಕು, ಚುರುಕಾದಷ್ಟೂ ಬಿಸಿ. ಹತ್ತಿ ಬಟ್ಟೆ ಎಣ್ಣೆಯನ್ನು ಲಕ್ಷಾಂತರ ಎಳೆಗಳ ಮೇಲೆ ಹರಡಿ ಗಾಳಿಗೆ ಒಡ್ಡುತ್ತದೆ, ಶಾಖ ಆಚೆ ಹೋಗದಂತೆ ಹೊದಿಕೆಯೂ ಆಗುತ್ತದೆ. ಇನ್ನೂರು ಡಿಗ್ರಿ ದಾಟಿದರೆ ಹತ್ತಿ ಕರಕಲಾಗತೊಡಗುತ್ತದೆ. ಹೊರಗಿನದು ಹಾಗೇ ಇದ್ದು ನಡುವಿನದು ಸುಟ್ಟದ್ದು ಈ ಕಾರಣಕ್ಕೆ. ಹುಟ್ಟುವ ಶಾಖ ಮತ್ತು ಬಿಡುವ ಶಾಖದ ಈ ಜಗ್ಗಾಟಕ್ಕೆ ಗಣಿತದ ರೂಪ ಕೊಟ್ಟವನು ರಷ್ಯಾದ ನಿಕೊಲಾಯ್ ಸೆಮ್ಯೊನೊವ್. ರಾಸಾಯನಿಕ ಕ್ರಿಯೆಗಳ ಬಗೆಗಿನ ಕೆಲಸಕ್ಕೆ ಆತನಿಗೆ 1956ರಲ್ಲಿ ಹಿನ್‌ಷೆಲ್‌ವುಡ್ ಜೊತೆ ನೊಬೆಲ್ ಬಂತು.

ರಟ್ಟಿನ ಪೆಟ್ಟಿಗೆಯ ಮಾತು ಎಂದು ನಗಬೇಡಿ. 1991ರ ಫೆಬ್ರವರಿ 23ರ ರಾತ್ರಿ ಫಿಲಡೆಲ್ಫಿಯಾದ ‘ಒನ್ ಮೆರಿಡಿಯನ್ ಪ್ಲಾಜಾ’ ಎಂಬ 38 ಮಹಡಿಯ ಕಟ್ಟಡದ 22ನೇ ಮಹಡಿಯಲ್ಲಿ ಹೀಗೇ ಬೆಂಕಿ ಎದ್ದಿತು. ಮರದ ಗೋಡೆಪಟ್ಟಿಗಳಿಗೆ ಪಾಲಿಶ್ ಮಾಡಿದವರು ಅಗಸೆ ಎಣ್ಣೆಯ ಬಟ್ಟೆಗಳನ್ನು ಅಲ್ಲೇ ಬಿಟ್ಟು ಹೋಗಿದ್ದರು. ಮೂವರು ಅಗ್ನಿಶಾಮಕರು ಸತ್ತರು. ಮಹಡಿಯಿಂದ ಮಹಡಿಗೆ ಏರಿದ ಬೆಂಕಿ ನಿಂತದ್ದು 30ನೆಯದರಲ್ಲಿ, ಅಲ್ಲಿ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್‌ಗಳಿದ್ದವು. ಕೊನೆಗೆ ಕಟ್ಟಡವನ್ನೇ ಕೆಡವಬೇಕಾಯಿತು.

ಹಾಗಾಗಿ ಬಟ್ಟೆಯನ್ನು ಮುದ್ದೆ ಮಾಡಬೇಡಿ. ಅಂಗಳದ ತಂತಿಯ ಮೇಲೆ ಒಂದರ ಮೇಲೊಂದು ಬೀಳದಂತೆ ಬಿಡಿಬಿಡಿಯಾಗಿ ಹರವಿ, ಬಿರುಸಾದ ಮೇಲೆ ಎಸೆಯಿರಿ. ಮಳೆಯಿದ್ದರೆ ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ನೀರು ತುಂಬಿ ಮುಳುಗಿಸಿಡಿ. ನೆಲಕ್ಕೆ ಎಣ್ಣೆ ಚೆಲ್ಲಿದರೆ ಮರದ ಹೊಟ್ಟು ಎರಚಿ ಗುಡಿಸಿ ಮೂಲೆಗೆ ಒತ್ತುವ ಅಭ್ಯಾಸ ನಮ್ಮ ಕೆಲಸದ ಮನೆಗಳಲ್ಲಿದೆ. ಅದೂ ಅಪಾಯವೇ, ಗುಡಿಸಿದ ಹೊಟ್ಟನ್ನೂ ನೀರಿಗೇ ಹಾಕಿ. ‘ಡಬಲ್ ಬಾಯ್ಲ್ಡ್’ ಎಣ್ಣೆಯ ವಿಷಯದಲ್ಲಿ ಎಚ್ಚರ ದುಪ್ಪಟ್ಟಿರಲಿ. ಹಿಂದೆ ಸೀಸದ ಆಕ್ಸೈಡ್ ಹಾಕಿ ಕುದಿಸುತ್ತಿದ್ದರು. ಈಗ ಬೇಗ ಗಟ್ಟಿಯಾಗಲೆಂದು ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣ ಬೆರೆಸುತ್ತಾರೆ. ವಾರ ಹಿಡಿಯುವ ಕೆಲಸ ಒಂದೇ ದಿನದಲ್ಲಿ ಮುಗಿದರೆ ಶಾಖವೂ ಅಷ್ಟೇ ಬೇಗ ಹುಟ್ಟುತ್ತದೆ ತಾನೆ?

ಇದೇ ಡಬ್ಬವನ್ನು ಕೆಲವರು ‘ನೂರಕ್ಕೆ ನೂರು ನೈಸರ್ಗಿಕ’, ‘ಮರಕ್ಕೆ ಪೋಷಣೆ’ ಎಂದು ಮಾರುವುದುಂಟು. ಕಡಿದ ಮರಕ್ಕೆ ಪೋಷಣೆ ಎಲ್ಲಿಂದ ಬಂತೋ! ಎಣ್ಣೆ ಮರದ ಗೆರೆಗಳನ್ನು ಎತ್ತಿ ತೋರಿಸುತ್ತದೆ, ಕೈಗೆ ಹಿತವೆನಿಸುತ್ತದೆ, ಗೀರು ಬಿದ್ದರೆ ಮತ್ತೆ ಸವರಬಹುದು. ಇಷ್ಟು ಸಾಕು. ತೇವ ತಡೆಯುತ್ತದೆ ಎಂದರೆ ಮಾತ್ರ ನಾನು ಒಪ್ಪಲಾರೆ. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಅರಣ್ಯೋತ್ಪನ್ನಗಳ ಪ್ರಯೋಗಾಲಯ ಬಗೆಬಗೆಯ ಪಾಲಿಶ್ ಬಳಿದ ಹಲಗೆಗಳನ್ನು ತೇವದ ಗಾಳಿಯಲ್ಲಿಟ್ಟು ತೂಗಿ ನೋಡಿದೆ. ನೀರಾವಿ ತಡೆಯುವುದರಲ್ಲಿ ಅಗಸೆ ಎಣ್ಣೆ ತೀರಾ ಹಿಂದೆ, ನಮ್ಮ ಹಳೇ ಅರಗು ಎಷ್ಟೋ ಮುಂದೆ. ಪೂರ್ತಿ ತಡೆಯುವ ಪಾಲಿಶ್ ಯಾವುದೂ ಇಲ್ಲ. ಮಳೆಗಾಲದಲ್ಲಿ ಬಾಗಿಲು ಬಿಗಿಯುತ್ತಿದ್ದರೆ ಕೀಸುವ ಮೊದಲು ಅದರ ತಲೆ ಮತ್ತು ಬುಡದ ಅಂಚು ನೋಡಿ. ಕಣ್ಣಿಗೆ ಬೀಳದ ಆ ಎರಡು ಅಂಚಿಗೆ ಬಣ್ಣದವರು ಕುಂಚ ತಾಕಿಸಿರುವುದೇ ಅಪರೂಪ, ತೇವ ನುಗ್ಗುವುದು ಅಲ್ಲಿಂದಲೇ.

ಅರಗಿಗೂ ತನ್ನದೇ ತೊಂದರೆಯಿದೆ. ಆಷಾಢದ ಜಡಿಮಳೆಯಲ್ಲಿ ಸ್ಪಿರಿಟ್ ಪಾಲಿಶ್ ಮಾಡಿದರೆ ಬೆಳ್ಳಗೆ ಮಂಜುಗಟ್ಟುತ್ತದೆ, ಆಚಾರಿಗಳು ಬೇಡವೆನ್ನುವುದು ಅದಕ್ಕೇ. ಸ್ಪಿರಿಟ್ ಆವಿಯಾಗುವಾಗ ಮೇಲ್ಮೈ ತಣಿಯುತ್ತದೆ, ತಣಿದ ಮೈಯ ಮೇಲೆ ಗಾಳಿಯ ತೇವ ಇಬ್ಬನಿಯಾಗಿ ಇಳಿದು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಚನ್ನಪಟ್ಟಣದವರಿಗೆ ಈ ತಾಪತ್ರಯವಿಲ್ಲ, ಅವರು ಸ್ಪಿರಿಟ್ ಬಳಸುವುದೇ ಇಲ್ಲ. ತಿರುಗುವ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಹರಡುತ್ತದೆ. ಜಪಾನಿನ ‘ಉರುಶಿ’ ಮೆರುಗೆಣ್ಣೆಯದು ಇನ್ನೂ ವಿಚಿತ್ರ, ಅದು ಗಟ್ಟಿಯಾಗಲು ತೇವದ ಗಾಳಿಯೇ ಬೇಕು. ಅದರಲ್ಲಿರುವ ಕಿಣ್ವವನ್ನು 1883ರಲ್ಲಿ ಗುರುತಿಸಿದವನು ಯೊಶಿದಾ. ಆ ಮರ ನಮ್ಮ ಗೇರಿನ ಕುಟುಂಬದ್ದೇ. ಕರಾವಳಿಯಲ್ಲಿ ದೋಣಿಗೆ ಬಳಿಯುವ ಗೇರೆಣ್ಣೆ ತಾಗಿದ ಕೈ ಬೊಕ್ಕೆ ಏಳುತ್ತದಲ್ಲ, ಉರುಶಿ ತಾಗಿದರೂ ಹಾಗೇ. ಎರಡರಲ್ಲೂ ಇರುವುದು ಹತ್ತಿರದ ನೆಂಟಸ್ತಿಕೆಯ ಫೀನಾಲ್‌ಗಳು.

ಮಣೆಗೆ ಇನ್ನೂ ಎಣ್ಣೆ ಹಾಕುವುದಿದ್ದರೆ ತೆಳುವಾಗಿ ಬಳಿದು ಕಾಲು ಗಂಟೆ ಬಿಟ್ಟು, ಕೈಗೆ ಎಣ್ಣೆ ಹತ್ತದಷ್ಟು ಒರೆಸಿ. ದಪ್ಪ ಬಳಿದರೆ ಆಮ್ಲಜನಕ ಮೇಲಿನ ಪದರವನ್ನಷ್ಟೇ ಗಟ್ಟಿ ಮಾಡಿ ತನ್ನ ದಾರಿಗೆ ತಾನೇ ಅಡ್ಡ ನಿಲ್ಲುತ್ತದೆ, ಕೆಳಗೆ ತಿಂಗಳುಗಟ್ಟಲೆ ಜಿಗುಟು ಉಳಿಯುತ್ತದೆ. ಅರ್ಧ ಖಾಲಿಯಾದ ಡಬ್ಬದಲ್ಲಿ ಕೆನೆ ಕಟ್ಟುವುದೂ ಒಳಗುಳಿದ ಗಾಳಿಯಿಂದಲೇ. ಮಕ್ಕಳ ಗಾಜಿನ ಗೋಲಿಗಳನ್ನು ಒಂದೊಂದಾಗಿ ಡಬ್ಬದೊಳಗೆ ಬಿಡಿ, ಎಣ್ಣೆ ಅಂಚಿನವರೆಗೂ ಏರಿದ ಮೇಲೆ ಮುಚ್ಚಳ ಬಿಗಿಯಿರಿ.