ನೂರು ಅಂಕದ ದೂರ: ಪ್ರಣವ್ ಆನಂದ್ ಏರಿದ ಮೆಟ್ಟಿಲು

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಭಾರತದ 76ನೇ ಚೆಸ್ ಗ್ರ್ಯಾಂಡ್‌ಮಾಸ್ಟರ್ ಆದಾಗ ಅವರಿಗೆ ಬರೀ 15 ವರ್ಷ. ರೊಮೇನಿಯಾದ ಮಮಾಯಾದಲ್ಲಿ ನಡೆದ ವಿಶ್ವ ಯೂತ್ ಚಾಂಪಿಯನ್‌ಶಿಪ್‌ನಲ್ಲಿ ಅವರ ರೇಟಿಂಗ್ 2500 ದಾಟಿತು. 16 ವರ್ಷದೊಳಗಿನವರ ಚಿನ್ನವೂ ಅವರ ಪಾಲಾಯಿತು. ನಮ್ಮ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಆ ಪಟ್ಟ ಪಡೆದಾಗ ಅವರ ವಯಸ್ಸು ಮೂವತ್ತು ದಾಟಿತ್ತು. ಐದೇ ವರ್ಷದಲ್ಲಿ ಎಷ್ಟು ವ್ಯತ್ಯಾಸ ನೋಡಿ.

ಹನುಮಂತನಗರದಲ್ಲಿ ನೆಲೆಸಿದ ಬ್ಯಾರಿ ಮನೆಯಾಗಲಿ, ಊರಿನ ಮನೆಯಾಗಲಿ, ಮಗು ಚೆಸ್ ಬೋರ್ಡಿನ ಮುಂದೆ ಕೂತರೆ ನಾವು ಕೇಳೋದು ಎರಡೇ ಮಾತು. ಓದೋದು ಯಾವಾಗ? ಇದು ನಮಗೆ ಆಗುತ್ತಾ?

ಮೊದಲು ಆಟದ ಕಷ್ಟ ತಿಳಿಯೋಣ. ಗ್ರ್ಯಾಂಡ್‌ಮಾಸ್ಟರ್ ಆಗಲು 2500 ರೇಟಿಂಗ್ ಜೊತೆಗೆ ಸಾಮಾನ್ಯವಾಗಿ ಮೂರು ನಾರ್ಮ್ ಬೇಕು. ಒಂದೊಂದು ನಾರ್ಮ್‌ಗೂ ಟೂರ್ನಿಯುದ್ದಕ್ಕೂ 2600ರ ಮಟ್ಟದ ಆಟ ಆಡಿ ತೋರಿಸಬೇಕು. ಪ್ರಣವ್ ಮೂರನೇ ನಾರ್ಮ್ ಪಡೆದದ್ದು ಅದೇ ವರ್ಷದ ಜುಲೈಯಲ್ಲಿ, ಸ್ವಿಟ್ಜರ್ಲೆಂಡಿನ ಬೀಲ್‌ನಲ್ಲಿ. ಆಮೇಲೆ ಉಳಿದದ್ದು ರೇಟಿಂಗ್ ಮಾತ್ರ. ಒಮ್ಮೆ 2400 ಮುಟ್ಟಿದವರಿಗೆ ಲೆಕ್ಕ ಬಹಳ ಬಿಗಿ. ಸಮಬಲದವರನ್ನು ಸೋಲಿಸಿದರೆ 5 ಅಂಕ ಬರುತ್ತೆ, ಸೋತರೆ 5 ಹೋಗುತ್ತೆ, ಡ್ರಾ ಆದರೆ ಏನೂ ಇಲ್ಲ. ತಮಗಿಂತ ಕಡಿಮೆಯವರ ಜೊತೆ ಡ್ರಾ ಆದರೂ ಅಂಕ ಇಳಿಯುತ್ತೆ. ಅಂದರೆ ಸಮಬಲದವರ ಜೊತೆಯೇ ಆಡಿ 100 ಅಂಕ ಏರಬೇಕಾದರೆ ಸೋಲಿಗಿಂತ ಗೆಲುವು 20 ಹೆಚ್ಚಿರಬೇಕು. ಸೋತ ಮರುದಿನವೂ ಬೋರ್ಡಿನ ಮುಂದೆ ಕೂರುವ ಸಬ್ರ್ ಇಲ್ಲದವನಿಗೆ ಇದು ಆಗುವ ಕೆಲಸವಲ್ಲ.

ಈ ಆಟ ನಮಗೆ ಹೊಸದೂ ಅಲ್ಲ. ಭಾರತದಿಂದ ಪರ್ಶಿಯಾಕ್ಕೆ, ಅಲ್ಲಿಂದ ಅರಬರಿಗೆ ಹೋಗಿ ಅದು ಶತ್ರಂಜ್ ಆಯಿತು. 10ನೇ ಶತಮಾನದ ಬಗ್ದಾದಿನ ಅಸ್ಸೂಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. ಅವಿಭಜಿತ ಪಂಜಾಬಿನ ಸುಲ್ತಾನ್ ಖಾನ್ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದವರು. ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಸಿಕ್ಕಿದ್ದು 2024ರಲ್ಲಿ, ತೀರಿಹೋಗಿ ಐದು ದಶಕ ಕಳೆದ ಮೇಲೆ.

ಇನ್ನು ಎರಡನೇ ಪ್ರಶ್ನೆ. ಉಲಮಾಗಳಲ್ಲಿ ಇದರ ಬಗ್ಗೆ ಭಿನ್ನಾಭಿಪ್ರಾಯ ಇದೆ, ಪೂರ್ತಿ ನಿಷಿದ್ಧ ಎಂದವರೂ ಇದ್ದಾರೆ. ನಾವು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಪ್ರಬಲ ಅಭಿಪ್ರಾಯ ಕರಾಹತ್ ಎಂಬುದು. ಹಣದ ಪಣ ಸೇರಿದರೆ, ಆಟಕ್ಕಾಗಿ ನಮಾಝ್ ತಪ್ಪಿದರೆ ಅದು ಹರಾಮ್. ಮಕ್ಕಳಿಗೆ ಈ ಗೆರೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡಬೇಕು. ಹಾಗೆ ನೋಡಿದರೆ, ರಾತ್ರಿಯಿಡೀ ಮೊಬೈಲ್ ಗೇಮ್‌ನಲ್ಲಿ ಮುಳುಗುವ ಹುಡುಗರ ಬಗ್ಗೆ ನಾವು ಕೇಳದ ಪ್ರಶ್ನೆಯನ್ನು ಚೆಸ್ ಆಡುವವನಿಗೆ ಮಾತ್ರ ಕೇಳುವುದು ನ್ಯಾಯವಲ್ಲ.

ಪ್ರತಿ ಮಗುವೂ ಪ್ರಣವ್ ಆಗಲಿಕ್ಕಿಲ್ಲ. ಆದರೆ ಒಂದು ಮಗು ಯಾವುದರಲ್ಲಿ ಚುರುಕು ಎಂದು ಬೇಗ ಗುರುತಿಸಿ, ವರ್ಷಗಟ್ಟಲೆ ಜೊತೆಗೆ ನಿಲ್ಲುವ ಕೆಲಸ ತಂದೆತಾಯಿಯದು. ಗಣಿತವೋ, ಹಿಫ್‌ಝೋ, ಓಟವೋ, ಯಾವುದಾದರೂ ಸರಿ. ಹೆಣ್ಣುಮಕ್ಕಳನ್ನು ಮರೆಯಬೇಡಿ: ನಾಗಪುರದ ದಿವ್ಯಾ ದೇಶ್‌ಮುಖ್ 2025ರಲ್ಲಿ ಮಹಿಳಾ ವಿಶ್ವಕಪ್ ಗೆದ್ದು ಗ್ರ್ಯಾಂಡ್‌ಮಾಸ್ಟರ್ ಆದಾಗ ಆಕೆಗೆ 19 ವರ್ಷ. ಮುಂದಿನ ಪರೀಕ್ಷೆಯ ಅಂಕಪಟ್ಟಿ ಮನೆಗೆ ಬಂದಾಗ, ಮಗು ಯಾವ ವಿಷಯದಲ್ಲಿ ಹಿಂದೆ ಎಂದು ನೋಡುವ ಮೊದಲು, ಯಾವುದರಲ್ಲಿ ಮುಂದೆ ಎಂದು ಒಮ್ಮೆ ನೋಡಿ.