ತವರಿನ ನೆನಪೂ ಗರ್ಭದ ಶಿಶುವೂ

ಬೆಳ್ಮಣ್ಣಿನ ಸುತ್ತಲ ಮನೆಗಳಲ್ಲಿ ಚೊಚ್ಚಲ ಗರ್ಭಿಣಿಗೆ ಬಯಕೆಯ ಔತಣವನ್ನು ನಡೆಯಿಸಿ, ಮಡಿಲು ತುಂಬಿ, ಹೆರಿಗೆಗಾಗಿ ತವರಿಗೆ ಕಳುಹಿಸಿಕೊಡುವುದು ವಾಚಕರು ಬಲ್ಲ ಪದ್ಧತಿಯೇ ಸರಿ. ತವರಿನಲ್ಲಿ ಹುಡುಗಿಗೆ ಸುಖವೆಂದು ನಾವೆಲ್ಲರೂ ನಂಬಿರುವೆವು. ಬಹುಪಾಲು ಅದು ನಿಜ. ಆದರೆ ಯಾವ ಮನೆಯಲ್ಲಿ ಅವಳು ಬಾಲ್ಯದಲ್ಲಿ ಹಸಿವನ್ನೋ, ಕುಡುಕ ತಂದೆಯ ಏಟನ್ನೋ, ಹೊರಗೆ ಹೇಳಲಾಗದ ಮತ್ತೇನನ್ನೋ ಅನುಭವಿಸಿದ್ದಳೋ, ಆ ಮನೆಗೇ ತುಂಬುಗರ್ಭದಲ್ಲಿ ಹಿಂದಿರುಗುವಾಗ ಅವಳ ಮನಸ್ಸು ಹೇಗಿದ್ದೀತೆಂದು ಕೇಳುವವರು ವಿರಳ.

ಸದಾ ಶೋಕದಲ್ಲಿರುವ ಗರ್ಭಿಣಿಯ ಶಿಶು ಅಂಜುಬುರುಕವೋ ಕೃಶವೋ ಅಲ್ಪಾಯುವೋ ಆದೀತೆಂಬ ಅಭಿಪ್ರಾಯವು ಚರಕಸಂಹಿತೆಯ ಶಾರೀರಸ್ಥಾನದಲ್ಲಿದೆ. ಪೂರ್ವಿಕರು ಎಲ್ಲವನ್ನೂ ಅರಿತಿದ್ದರೆಂದು ಎದೆತಟ್ಟಿಕೊಳ್ಳುವ ಚಪಲ ನಮಗಿಲ್ಲ. ಅದೇ ಗ್ರಂಥದಲ್ಲಿ ಇಂದು ಒಪ್ಪಲಾಗದ ಮಾತುಗಳೂ ಸಾಕಷ್ಟಿವೆ. ಅವರು ನುಡಿದುದು ಗರ್ಭಕಾಲದ ಶೋಕವನ್ನು ಕುರಿತು. ಈಗಿನ ವೈದ್ಯಶಾಸ್ತ್ರವಾದರೋ ಇನ್ನೂ ಹಿಂದಕ್ಕೆ, ತಾಯಿಯ ಬಾಲ್ಯದವರೆಗೆ ಹೋಗುತ್ತದೆ.

ಬಾಲ್ಯದಲ್ಲಿ ಸಾಕಷ್ಟು ಉಣ್ಣದ ಹುಡುಗಿ ಕುಳ್ಳಾಗಿ, ಕೃಶಳಾಗಿ ಬೆಳೆಯುವಳು. ಮುಂದೆ ಅವಳ ಶಿಶುವೂ ಹಗುರಾಗಿ ಹುಟ್ಟುವ ಸಂಭವ ಹೆಚ್ಚು. ಹಾಗೆ ಹುಟ್ಟುವುದರ ಫಲ ಎಷ್ಟು ದೂರ ಸಾಗುವುದೆಂಬುದಕ್ಕೆ ನಮ್ಮ ನಾಡಿನದೇ ಸಾಕ್ಷಿಯುಂಟು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು 1934ರಿಂದ ಶಿಶುಗಳ ಜನನಕಾಲದ ತೂಕವನ್ನು ಕಡತಗಳಲ್ಲಿ ಬರೆದಿಟ್ಟಿದ್ದರು. 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ 517 ಮಂದಿಯನ್ನು ದಶಕಗಳ ತರುವಾಯ ಹುಡುಕಿ ಪರೀಕ್ಷಿಸಿದ ವೈದ್ಯರು, 1996ರಲ್ಲಿ ಅದರ ಫಲವನ್ನು ಪ್ರಕಟಿಸಿದರು: ಹಗುರಾಗಿ ಹುಟ್ಟಿದವರಲ್ಲಿ, ಅದರಲ್ಲಿಯೂ ಕೃಶರಾದ ತಾಯಂದಿರ ಮಕ್ಕಳಲ್ಲಿ, ಹೃದ್ರೋಗವು ಹೆಚ್ಚಾಗಿತ್ತು.

ಇದು ಅನ್ನದ ಮಾತಾಯಿತು. ಭಯಕ್ಕೂ ತನ್ನದೇ ದಾರಿಯಿದೆ. ಎಳೆವಯಸ್ಸಿನಲ್ಲಿ ಬಹುಕಾಲ ಅಂಜಿ ಬಾಳಿದ ದೇಹವು ಆಪತ್ತು ಕಳೆದ ಮೇಲೂ ಎಚ್ಚರವನ್ನು ಬಿಡದು; ಕಾರ್ಟಿಸಾಲ್ ಎಂಬ ರಸದ ಏರಿಳಿತವು ಅಂಥವರಲ್ಲಿ ಕ್ರಮ ತಪ್ಪುವುದುಂಟು. ಗರ್ಭದಲ್ಲಿ ಮಾಸು ಅದರ ಬಹುಭಾಗವನ್ನು ತಡೆಯುವುದಾದರೂ ಸ್ವಲ್ಪಾಂಶವು ಶಿಶುವನ್ನು ಮುಟ್ಟುವುದು. ಇಂಥ ಬಾಲ್ಯವನ್ನು ಕಂಡ ತಾಯಂದಿರಲ್ಲಿ ಅಕಾಲ ಪ್ರಸವವೂ, ಎರಡೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಕದ ಶಿಶುಗಳೂ, ಗರ್ಭಕಾಲದ ಖಿನ್ನತೆಯೂ ತುಸು ಹೆಚ್ಚೆಂದು ಹಲವು ದೇಶಗಳ ಸಂಶೋಧನೆಗಳಿಂದ ತಿಳಿದುಬಂದಿದೆ. ತುಸು ಹೆಚ್ಚೆಂದೆವು, ವಿಧಿಲಿಖಿತವೆಂದಲ್ಲ. ಕಷ್ಟದಲ್ಲಿ ಬೆಳೆದ ಎಷ್ಟೋ ತಾಯಂದಿರು ಗುಂಡುಕಲ್ಲಿನಂಥ ಮಕ್ಕಳನ್ನು ಹೆತ್ತಿರುವರು. ಇದನ್ನೋದಿದ ಅತ್ತೆಯವರು ಸೊಸೆಯ ಬಾಲ್ಯವನ್ನು ಕೆದಕಿ ಹಂಗಿಸಹೊರಟರೆ, ಆಕೆಗೆ ಅದೇ ಹೊಸ ಸಂಕಟವಾದೀತು.

ಬಯಕೆಯ ದಿನವನ್ನು ಗೊತ್ತುಮಾಡುವ ಮೊದಲು ಅತ್ತೆಯವರು ಏಕಾಂತದಲ್ಲಿ ಒಮ್ಮೆ, "ಮಗಳೇ, ಹೆರಿಗೆಗೆ ಎಲ್ಲಿರಲು ನಿನಗೆ ಮನಸ್ಸು?" ಎಂದು ಕೇಳಲಿ. ಅವಳು ಕಾರಣವನ್ನು ಹೇಳಬೇಕಾದುದಿಲ್ಲ. ಗಂಡನ ಮನೆಯಲ್ಲೋ ಚಿಕ್ಕಮ್ಮನಲ್ಲೋ ಬಾಣಂತನವಾದರೆ ಯಾವ ಕುಲದ ಗೌರವವೂ ಕುಂದದು. ಕಾರ್ಕಳ, ಉಡುಪಿಗಳ ಆಸ್ಪತ್ರೆಗಳು ಬೆಳ್ಮಣ್ಣಿನವರಿಗೆ ದೂರವಲ್ಲ. ತೂಕವನ್ನೂ ರಕ್ತದೊತ್ತಡವನ್ನೂ ನೋಡಿಸುವಾಗಲೇ, ನಿದ್ರೆ ಬಾರದಿರುವುದನ್ನೂ ಕಾರಣವಿಲ್ಲದೆ ಬರುವ ಅಳುವನ್ನೂ ವೈದ್ಯರಿಗೆ ತಿಳಿಸತಕ್ಕದ್ದು. ಮನೆಯವರೆದುರು ಹೇಳಲು ಅವಳಿಗೆ ಸಂಕೋಚವಾದರೆ, ಮನೆಗೆ ಬರುವ ಆಶಾ ಕಾರ್ಯಕರ್ತೆಯೊಡನೆ ಅರ್ಧ ಗಂಟೆ ಒಂಟಿಯಾಗಿ ಮಾತನಾಡಗೊಡಿರಿ.